ಮೇಜಿನ ಕೆಲಸವೂ ಕತ್ತು-ಹೆಗಲುಗಳ ನೋವೂ

ಹಳೆಯ ಹಸ್ತಪ್ರತಿಗಳ ಪರಿಚಯವುಳ್ಳವರಿಗೆ ಅವುಗಳ ಕೊನೆಯ ಪತ್ರದಲ್ಲಿ ಆಗಾಗ ಕಣ್ಣಿಗೆ ಬೀಳುವ ಒಂದು ಸಂಸ್ಕೃತ ಶ್ಲೋಕ ತಿಳಿದೇ ಇರುತ್ತದೆ. ಪ್ರತಿಮಾಡಿದ ಲಿಪಿಕಾರನು ಅದರಲ್ಲಿ ತನ್ನ ಬೆನ್ನು ಕತ್ತುಗಳ ಬೇನೆಯನ್ನು ತೋಡಿಕೊಂಡು, ಇಷ್ಟು ಕಷ್ಟಪಟ್ಟು ಬರೆದ ಗ್ರಂಥವನ್ನು ಜೋಪಾನ ಮಾಡಬೇಕೆಂದು ಓದುವವರನ್ನು ಬೇಡಿಕೊಳ್ಳುತ್ತಾನೆ. ಗ್ರಂಥಗಳನ್ನು ಜೋಪಾನ ಮಾಡುವ ಕೆಲಸವನ್ನು ವಿಶ್ವವಿದ್ಯಾನಿಲಯಗಳು ಕೈಗೊಂಡಿವೆ. ಬರೆಯುವವನ ಕತ್ತಿನ ವಿಚಾರವಾಗಿ ಆತನು ಹೇಳಿದ ಮಾತಿಗೆ ಮಾತ್ರ ನಾವು ಅಷ್ಟಾಗಿ ಗಮನ ಕೊಟ್ಟಂತೆ ತೋರುವುದಿಲ್ಲ.

ಈ ಬೇನೆ ನಮ್ಮ ದೇಶದ ಲಿಪಿಕಾರರಿಗೆ ಮಾತ್ರ ಸೀಮಿತವಾದುದಲ್ಲ. ಇಟಲಿಯ ವೈದ್ಯನಾದ ಬರ್ನಾರ್ದಿನೊ ರಮಜ್ಜೀನಿ ಎಂಬಾತನು ಕಸಬುದಾರರ ರೋಗಗಳನ್ನು ಕುರಿತು ೧೭೦೦ರಲ್ಲಿ ಒಂದು ಗ್ರಂಥವನ್ನು ಪ್ರಕಟಿಸಿದನು. ೧೭೧೩ರಲ್ಲಿ ಅದನ್ನು ವಿಸ್ತರಿಸಿದಾಗ ಲಿಪಿಕಾರರ ಮತ್ತು ಕರಣಿಕರ ವ್ಯಾಧಿಗಳನ್ನೂ ಅದರಲ್ಲಿ ವಿವರಿಸಿದನು. ಆತನು ಹೇಳಿದ ಕಾರಣಗಳು ಮೂರು: ಒಂದನೆಯದು, ಎಡೆಬಿಡದೆ ಕುಳಿತಿರುವುದು, ಎರಡನೆಯದು, ಕೈ ಸದಾ ಒಂದೇ ಬಗೆಯ ಚಲನೆಯಲ್ಲಿ ತೊಡಗಿರುವುದು, ಮೂರನೆಯದು, ಎಲ್ಲಿ ತಪ್ಪು ನುಸುಳಿ ಪುಸ್ತಕ ಕೆಡುವುದೋ, ಎಲ್ಲಿ ಲೆಕ್ಕ ತಪ್ಪಿ ಒಡೆಯನಿಗೆ ನಷ್ಟವಾಗುವುದೋ ಎಂಬ ಮನಸ್ಸಿನ ಬಿಗುವು. ಮೂರು ಶತಮಾನಗಳ ಹಿಂದಿನ ಈ ನಿರ್ಣಯವು ಇಂದಿನ ಶರೀರವಿಜ್ಞಾನದ ಬೆಳಕಿನಲ್ಲಿಯೂ ಬಹುಮಟ್ಟಿಗೆ ಸರಿಯಾಗಿಯೇ ನಿಂತಿದೆ.

ಓಲೆಗರಿ ಮತ್ತು ಕಂಠಗಳ ಕಾಲ ಹೋಯಿತು; ಶಾನುಭೋಗರ ಕಡತ ಮತ್ತು ಬಳಪಗಳ ಕಾಲವೂ ಹೋಯಿತು. ಅವುಗಳ ಬಳಿಕ ಬಂದ ಬೆರಳಚ್ಚು ಯಂತ್ರವೂ ಮೂಲೆ ಸೇರಿ, ಅದರ ಸ್ಥಾನದಲ್ಲಿ ಗಣಕಯಂತ್ರ ಕುಳಿತಿದೆ. ಉಪಕರಣಗಳು ಬದಲಾದರೂ ತಗ್ಗಿದ ತಲೆ, ಚಾಚಿದ ತೋಳು, ಅಲುಗದ ಮೈ ಹಾಗೆಯೇ ಉಳಿದಿವೆ. ಪ್ರಬಂಧ ಬರೆಯುವ ಸಂಶೋಧನ ವಿದ್ಯಾರ್ಥಿ, ಕಚೇರಿಯ ಗುಮಾಸ್ತೆ, ಕರಡಚ್ಚು ತಿದ್ದುವವರು, ಬೆಂಗಳೂರಿನ ತಂತ್ರಾಂಶ ಕಚೇರಿಗಳಲ್ಲಿ ದುಡಿಯುವ ಯುವಕ ಯುವತಿಯರು, ಇವರಲ್ಲಿ ಕತ್ತು ಹೆಗಲುಗಳ ನೋವನ್ನು ಕಾಣದವರು ವಿರಳ. ಮೂರು ತಿಂಗಳಿಗೂ ಮೀರಿ ನಿಂತ ನೋವನ್ನು ವೈದ್ಯರು ದೀರ್ಘಕಾಲದ ನೋವೆಂದು ಕರೆಯುತ್ತಾರೆ. ಇದು ಪ್ರಾಣಾಪಾಯವನ್ನು ತರುವುದಲ್ಲ, ನಿಜ. ಆದರೆ ನಿದ್ರೆಯನ್ನು ಕೆಡಿಸಿ, ಏಕಾಗ್ರತೆಯನ್ನು ಕದಡಿ, ಕೊನೆಗೆ ಮನುಷ್ಯನಿಗೆ ತನ್ನ ಕೆಲಸದ ಮೇಲೆಯೇ ಹೇಸಿಕೆ ಹುಟ್ಟಿಸಬಲ್ಲುದು. ಈ ನೋವು ಹೇಗೆ ಹುಟ್ಟುತ್ತದೆ, ಇದನ್ನು ಶಮನಗೊಳಿಸುವ ಮಾರ್ಗವೇನು ಎಂಬುದನ್ನು ಸಾಮಾನ್ಯ ವಾಚಕರಿಗೆ ತಿಳಿಯುವಂತೆ ವಿವರಿಸುವುದೇ ಪ್ರಸ್ತುತ ಲೇಖನದ ಉದ್ದೇಶ.

೧. ಕತ್ತು ಹೊರುವ ಭಾರ

ಪ್ರಾಪ್ತವಯಸ್ಕರ ತಲೆಯ ತೂಕ ಸ್ಥೂಲವಾಗಿ ನಾಲ್ಕೂವರೆಯಿಂದ ಐದು ಕಿಲೋಗ್ರಾಂ. ಒಂದರ ಮೇಲೊಂದು ಜೋಡಿಸಿದ ಏಳು ಕಶೇರುಗಳು ಈ ಭಾರವನ್ನು ಹೊತ್ತಿವೆ. ಆದರೆ ತಲೆಯ ಗುರುತ್ವಕೇಂದ್ರವು ಅದು ಕೂತಿರುವ ಕೀಲಿಗಿಂತ ತುಸು ಮುಂದಕ್ಕಿದೆ. ಕುಳಿತಲ್ಲಿಯೇ ತೂಕಡಿಸುವವನ ತಲೆ ಸಾಮಾನ್ಯವಾಗಿ ಮುಂದಕ್ಕೆ ಜೋಲುವುದಕ್ಕೆ ಇದೇ ಕಾರಣ. ಎಚ್ಚರವಾಗಿರುವಾಗ ತಲೆಯನ್ನು ಹಾಗೆ ಬೀಳಗೊಡದೆ ಹಿಂದಿನಿಂದ ಹಿಡಿದು ನಿಲ್ಲಿಸಿರುವುವು ಹೆಕ್ಕತ್ತಿನ ಸ್ನಾಯುಗಳು.

ಇಲ್ಲಿ ನಡೆಯುವುದು ಸನ್ನೆಕೋಲಿನ ವ್ಯಾಪಾರ. ನಮ್ಮ ಹಳ್ಳಿಗಳಲ್ಲಿ ನೀರೆತ್ತಲು ಬಳಸುತ್ತಿದ್ದ ಏತವನ್ನು ಕಂಡವರಿಗೆ ಇದು ಸುಲಭವಾಗಿ ತಿಳಿಯುತ್ತದೆ. ಭಾರವು ಆಧಾರದಿಂದ ದೂರ ಸರಿದಂತೆಲ್ಲ, ಅದನ್ನು ಸರಿತೂಗಿಸಲು ಇನ್ನೊಂದು ಬದಿಯಲ್ಲಿ ಹಾಕಬೇಕಾದ ಬಲವು ಹೆಚ್ಚುತ್ತದೆ. ತಲೆ ಮುಂದಕ್ಕೆ ಬಾಗಿದಷ್ಟೂ ಅದರ ಭಾರ ಕೀಲಿನಿಂದ ದೂರವಾಗುತ್ತದೆ. ಹಿಂದಿನ ಸ್ನಾಯುಗಳಾದರೋ ಕೀಲಿಗೆ ಸಮೀಪದಲ್ಲಿಯೇ ಅಂಟಿಕೊಂಡಿವೆ. ಆದುದರಿಂದ ಅವು ತಲೆಯ ತೂಕಕ್ಕಿಂತ ಎಷ್ಟೋ ಹೆಚ್ಚಿನ ಬಲದಿಂದ ಎಳೆಯಬೇಕಾಗುತ್ತದೆ. ೨೦೧೪ರಲ್ಲಿ ಅಮೆರಿಕದ ಶಸ್ತ್ರವೈದ್ಯರೊಬ್ಬರು ಪ್ರಕಟಿಸಿದ ಲೆಕ್ಕಾಚಾರದಂತೆ, ನೆಟ್ಟಗಿರುವಾಗ ಸುಮಾರು ಐದು ಕಿಲೋಗ್ರಾಂ ಇರುವ ಭಾರವು ತಲೆ ಹದಿನೈದು ಅಂಶ ಬಾಗಿದಾಗ ಹನ್ನೆರಡಕ್ಕೂ, ಅರುವತ್ತು ಅಂಶ ಬಾಗಿದಾಗ ಇಪ್ಪತ್ತೇಳಕ್ಕೂ ಏರುತ್ತದೆ. ಇದು ಗಣಿತದಿಂದ ಪಡೆದ ಅಂದಾಜೇ ಹೊರತು ಜೀವಂತ ಕತ್ತಿನಲ್ಲಿ ಅಳೆದುದಲ್ಲ. ಆದರೂ ಭಾರ ಯಾವ ದಿಕ್ಕಿನಲ್ಲಿ ಬೆಳೆಯುತ್ತದೆಂಬುದನ್ನು ಅದು ಚೆನ್ನಾಗಿ ತೋರಿಸುತ್ತದೆ.

ತೋಳುಗಳ ಭಾರವನ್ನೂ ಇದರೊಡನೆ ಸೇರಿಸಿಕೊಳ್ಳಬೇಕು. ಒಂದೊಂದು ತೋಳು ದೇಹದ ತೂಕದ ಸುಮಾರು ಇಪ್ಪತ್ತನೆಯ ಒಂದು ಭಾಗದಷ್ಟಿರುತ್ತದೆ. ಅಂದರೆ ಅರುವತ್ತು ಕಿಲೋಗ್ರಾಂ ತೂಗುವವರ ಒಂದು ತೋಳು ಮೂರು ಕಿಲೋಗ್ರಾಂ ತೂಗುತ್ತದೆ. ತೋಳನ್ನು ಹೊತ್ತ ಹೆಗಲ ಮೂಳೆಗೂ ಮುಂಡದ ಅಸ್ಥಿಪಂಜರಕ್ಕೂ ಕೊರಳೆಲುಬಿನ ಮೂಲಕವಲ್ಲದೆ ಬೇರೆ ಮೂಳೆಯ ಸಂಬಂಧವಿಲ್ಲ. ಉಳಿದುದೆಲ್ಲ ಸ್ನಾಯುಗಳ ಆಸರೆ. ಅವುಗಳಲ್ಲಿ ಮುಖ್ಯವಾದುದು ತಲೆಬುರುಡೆಯ ಹಿಂಭಾಗದಿಂದ ಹೊರಟು ಕತ್ತಿನ ಇಕ್ಕೆಲಗಳಲ್ಲಿ ಇಳಿದು ಹೆಗಲಿನ ತುದಿಯವರೆಗೆ ಹರಡಿರುವ ಟ್ರಪೀಜಿಯಸ್ ಎಂಬ ಸ್ನಾಯು. ಕೈಗಳಿಗೆ ಆಸರೆಯಿಲ್ಲದೆ ಕೀಲಿಮಣೆಯ ಮೇಲೆ ಬೆರಳಾಡಿಸುವಾಗ ಈ ಸ್ನಾಯುವಿನ ಮೇಲ್ಭಾಗವು ಬಿಗಿದುಕೊಂಡೇ ಇರುತ್ತದೆ. ಸಂಜೆಯ ಹೊತ್ತಿಗೆ ಹೆಗಲನ್ನು ಹಿಡಿದು ನೋಡಿಕೊಂಡರೆ ಹುರಿಗಟ್ಟಿದಂತೆ ಕೈಗೆ ಸಿಗುವುದು ಇದೇ.

೨. ದುಡಿಮೆಗಿಂತ ನಿಶ್ಚಲತೆಯ ಕೇಡು

ಇಲ್ಲಿ ಒಂದು ಸಂದೇಹ ಸಹಜವಾಗಿಯೇ ಏಳುತ್ತದೆ. ಮೂಟೆ ಹೊರುವ ಕೂಲಿಗಾರನ ಕತ್ತು ಇದಕ್ಕಿಂತ ಎಷ್ಟೋ ಪಾಲು ಹೆಚ್ಚಿನ ಭಾರವನ್ನು ಹೊರುತ್ತದೆ. ಐದು ಕಿಲೋಗ್ರಾಂ ತಲೆಯನ್ನೂ ಲೇಖನಿಯನ್ನೂ ಹೊತ್ತವನಿಗೆ ಇಷ್ಟು ನೋವೇಕೆ ಬರಬೇಕು?

ನೀರು ತುಂಬಿದ ಒಂದು ಚೆಂಬನ್ನು ಮುಂದಕ್ಕೆ ಚಾಚಿದ ಕೈಯಲ್ಲಿ ಅಲುಗಿಸದೆ ಹಿಡಿದು ನೋಡಿದರೆ ಇದಕ್ಕೆ ಉತ್ತರ ದೊರೆಯುತ್ತದೆ. ಕೆಲವೇ ನಿಮಿಷಗಳಲ್ಲಿ ತೋಳು ಉರಿಯತೊಡಗುತ್ತದೆ. ಅದೇ ಚೆಂಬನ್ನು ನೂರು ಸಲ ಎತ್ತಿ ಇಳಿಸಿದರೂ ಅಷ್ಟು ಆಯಾಸವಾಗದು. ಸ್ನಾಯುವು ಬಿಗಿದು ಸಡಿಲುತ್ತಿದ್ದರೆ ರಕ್ತ ಅದರೊಳಗೆ ಹರಿದಾಡುತ್ತದೆ. ಬಿಗಿದೇ ಇದ್ದರೆ ಒಳಗಣ ಒತ್ತಡದಿಂದ ರಕ್ತಸಂಚಾರ ಕುಂದುತ್ತದೆ. ಸ್ನಾಯು ತನ್ನ ಪೂರ್ಣ ಶಕ್ತಿಯ ಶೇಕಡಾ ಹದಿನೈದರ ಒಳಗೆ ದುಡಿಯುವಾಗ ದಣಿವೇ ಬಾರದೆಂದು ಜರ್ಮನಿಯ ವಾಲ್ಟರ್ ರೋಮೆರ್ಟ್ ೧೯೬೦ರಲ್ಲಿ ತನ್ನ ಪ್ರಯೋಗಗಳಿಂದ ತರ್ಕಿಸಿದ್ದನು. ಮೇಜಿನ ಕೆಲಸದಲ್ಲಿ ಹೆಗಲ ಸ್ನಾಯು ಬಳಸುವುದು ಇದಕ್ಕಿಂತ ಬಹಳ ಕಡಿಮೆ ಬಲವನ್ನು. ಆದರೂ ನೋವು ಬರುವುದರಿಂದ, ಬಲದ ಪ್ರಮಾಣವೊಂದೇ ಅಲ್ಲದೆ ಅದು ಎಷ್ಟು ಹೊತ್ತು ಎಡೆಬಿಡದೆ ಸಾಗುತ್ತದೆಂಬುದೂ ಮುಖ್ಯವೆಂದು ಮುಂದಿನ ಸಂಶೋಧಕರು ಕಂಡುಕೊಂಡರು.

ಈ ಸಮಸ್ಯೆಯನ್ನು ಬಿಡಿಸಲು ಅಮೆರಿಕದ ಎಲ್ವುಡ್ ಹೆನೆಮನ್ ೧೯೫೭ರಿಂದ ಪ್ರಕಟಿಸಿದ ಸಂಶೋಧನೆ ನೆರವಾಯಿತು. ಒಂದು ಸ್ನಾಯುವಿನಲ್ಲಿ ಎಲ್ಲ ತಂತುಗಳೂ ಒಟ್ಟಿಗೆ ಕೆಲಸಕ್ಕೆ ಇಳಿಯುವುದಿಲ್ಲ. ಚಿಕ್ಕ ನರಕೋಶಗಳ ಆಳ್ವಿಕೆಗೆ ಒಳಪಟ್ಟ ತಂತುಗಳು ಮೊದಲು ದುಡಿಯತೊಡಗುತ್ತವೆ. ಹೆಚ್ಚಿನ ಬಲ ಬೇಕಾದಾಗ ಮಾತ್ರ ದೊಡ್ಡವು ಕೈಗೂಡಿಸುತ್ತವೆ. ಬಲ ತಗ್ಗಿದಾಗ ದೊಡ್ಡವು ಮೊದಲು ವಿರಮಿಸಿ ಚಿಕ್ಕವು ಕಟ್ಟಕಡೆಯಲ್ಲಿ ವಿರಮಿಸುತ್ತವೆ. ಈ ತತ್ತ್ವವನ್ನು ಆಧರಿಸಿ ಸ್ವೀಡನ್ನಿನ ಯೋರಾನ್ ಹೆಗ್ ೧೯೯೧ರಲ್ಲಿ ಒಂದು ಊಹೆಯನ್ನು ಮುಂದಿಟ್ಟನು. ಕಡಿಮೆ ಬಲದ ಕೆಲಸ ಗಂಟೆಗಟ್ಟಲೆ ಸಾಗಿದರೆ ಸ್ನಾಯು ಒಟ್ಟಿನಲ್ಲಿ ದಣಿಯದಿದ್ದರೂ ಈ ಚಿಕ್ಕ ತಂತುಗಳು ಮಾತ್ರ ಬಿಡುವಿಲ್ಲದೆ ದುಡಿದು ಬಳಲುತ್ತವೆ ಎಂಬುದು ಅದರ ಸಾರ. ಪಾಶ್ಚಾತ್ಯರ ಕಥೆಯ ಸಿಂಡರೆಲಾ ಎಂಬ ಹುಡುಗಿಯ ಹೆಸರಿನಿಂದ ಇದು ಪ್ರಸಿದ್ಧವಾಗಿದೆ. ಎಲ್ಲರಿಗಿಂತ ಮೊದಲೆದ್ದು ಎಲ್ಲರೂ ಮಲಗಿದ ಮೇಲೆ ಮಲಗುವ, ದೊಡ್ಡ ಸಂಸಾರದ ಕಿರಿಯ ಸೊಸೆಯನ್ನು ನೆನೆದುಕೊಂಡರೆ ನಮಗೆ ಇದರ ಭಾವ ತಟ್ಟನೆ ತಿಳಿಯುತ್ತದೆ. ಮನೆಯ ಕೆಲಸ ನೋಡಲು ಹಗುರವೇ. ಆದರೆ ಅದನ್ನು ಮಾಡುವವಳು ಒಬ್ಬಳೇ, ಅವಳಿಗೆ ಬಿಡುವೆಂಬುದೇ ಇಲ್ಲ.

ಈ ಊಹೆಗೆ ಪೋಷಕವಾದ ಸಾಕ್ಷ್ಯವೊಂದು ನಾರ್ವೆಯಿಂದ ಬಂದಿತು. ಪೊಟ್ಟಣ ಕಟ್ಟುವ ಹಗುರವಾದ ಕೆಲಸದಲ್ಲಿದ್ದ ಹೆಂಗಸರ ಹೆಗಲ ಸ್ನಾಯುಗಳ ವಿದ್ಯುತ್ ಚಟುವಟಿಕೆಯನ್ನು ಸಂಶೋಧಕರು ಅಳೆದು, ೧೯೯೩ರಲ್ಲಿ ಫಲಿತಾಂಶವನ್ನು ಪ್ರಕಟಿಸಿದರು. ಕೆಲಸದ ನಡುನಡುವೆ ಸ್ನಾಯು ಕ್ಷಣಮಾತ್ರವಾದರೂ ಪೂರ್ತಿ ಸಡಿಲಗೊಳ್ಳುವುದು ಯಾರಲ್ಲಿ ಕಡಿಮೆಯಿತ್ತೋ ಅವರಲ್ಲಿಯೇ ಮುಂದೆ ನೋವು ಹೆಚ್ಚಾಗಿ ಕಾಣಿಸಿಕೊಂಡಿತು.

ರಮಜ್ಜೀನಿ ಹೇಳಿದ ಮೂರನೆಯ ಕಾರಣವನ್ನೂ ಇಲ್ಲಿಯೇ ಪರಿಶೀಲಿಸಬಹುದು. ಕೈಕಾಲುಗಳನ್ನು ಆಡಿಸದೆ, ಕೇವಲ ಕಠಿನವಾದ ಮನೋಗಣಿತದಲ್ಲಿ ತೊಡಗಿಸಿದಾಗಲೂ ಹೆಗಲ ಸ್ನಾಯುವಿನ ವಿದ್ಯುತ್ ಚಟುವಟಿಕೆ ಏರುವುದನ್ನು ಪ್ರಯೋಗಶಾಲೆಗಳಲ್ಲಿ ಕಾಣಲಾಗಿದೆ. ಗಡುವು ಸಮೀಪಿಸಿದಾಗ ಹೆಗಲುಗಳು ನಮಗರಿವಿಲ್ಲದೆಯೇ ಕಿವಿಯ ಕಡೆಗೆ ಏರುವುದು ಅನುಭವಸಿದ್ಧ. ಮನಸ್ಸಿನ ಬಿಗುವು ಸ್ನಾಯುವಿನ ಬಿಗುವಾಗಿ ಪರಿಣಮಿಸುತ್ತದೆಂಬುದು ಅಲಂಕಾರದ ಮಾತಲ್ಲ.

೩. ‘ಎಲುಬು ಸವೆದಿದೆ’ ಎಂಬ ಭೀತಿ

ನೋವು ಹಲವು ತಿಂಗಳು ನಿಂತಾಗ ಮನುಷ್ಯನು ಕ್ಷಕಿರಣ ಚಿತ್ರವನ್ನೋ ಕಾಂತೀಯ ಚಿತ್ರವನ್ನೋ ತೆಗೆಸುತ್ತಾನೆ. ವರದಿಯಲ್ಲಿ ಕಶೇರುಗಳ ಅಂಚು ಬೆಳೆದಿದೆಯೆಂದೂ, ನಡುವಣ ಬಿಲ್ಲೆ ಉಬ್ಬಿದೆಯೆಂದೂ, ಸ್ಪಾಂಡಿಲೋಸಿಸ್ ಎಂದೂ ಬರೆದಿರುತ್ತದೆ. ಅಂದಿನಿಂದ ಆತನಿಗೆ ತನ್ನ ಕತ್ತು ಸವೆದ ಯಂತ್ರದಂತೆ ತೋರುತ್ತದೆ. ತಿರುಗಿಸಲು ಹೆದರಿಕೆ, ಭಾರ ಎತ್ತಲು ಹೆದರಿಕೆ. ಪಟ್ಟಿ ಕಟ್ಟಿಕೊಂಡು ಕತ್ತನ್ನು ಅಲುಗಿಸದೆ ಇರುವುದೇ ಕ್ಷೇಮವೆಂಬ ನಂಬಿಕೆ ಬೇರೂರುತ್ತದೆ.

ಈ ಭೀತಿ ಎಷ್ಟರಮಟ್ಟಿಗೆ ಆಧಾರವುಳ್ಳದ್ದು? ಜಪಾನಿನ ಸಂಶೋಧಕರು ೨೦೧೫ರಲ್ಲಿ ಪ್ರಕಟಿಸಿದ ಅಧ್ಯಯನವೊಂದರಲ್ಲಿ ಕತ್ತಿನ ತೊಂದರೆಯೇ ಇಲ್ಲದ ೧,೨೧೧ ಮಂದಿಯ ಕಾಂತೀಯ ಚಿತ್ರಗಳನ್ನು ತೆಗೆದು ನೋಡಿದರು. ಅವರಲ್ಲಿ ಶೇಕಡಾ ೮೭.೬ ಮಂದಿಯಲ್ಲಿ ಬಿಲ್ಲೆಗಳು ಉಬ್ಬಿದ್ದವು. ಇಪ್ಪತ್ತರ ಹರೆಯದವರಲ್ಲಿಯೂ ಬಹುಪಾಲು ಮಂದಿಯ ಸ್ಥಿತಿ ಹೀಗೆಯೇ ಇತ್ತು. ಎಂದ ಮೇಲೆ ಇಂಥ ಬದಲಾವಣೆಗಳನ್ನು ಬಹುಮಟ್ಟಿಗೆ ನರೆಗೂದಲಿನಂತೆ ವಯಸ್ಸಿನ ಗುರುತುಗಳೆಂದು ಭಾವಿಸಬೇಕೇ ಹೊರತು ನೋವಿನ ಕಾರಣವೆಂದು ಒಡನೆಯೇ ನಿರ್ಣಯಿಸಲಾಗದು. ನರದ ಮೇಲೆ ಒತ್ತಡ ಬಿದ್ದ ಲಕ್ಷಣಗಳು ಇದ್ದಾಗ ಚಿತ್ರದ ಬೆಲೆ ದೊಡ್ಡದು. ಅವು ಇಲ್ಲದಾಗ ಚಿತ್ರವು ತಿಳಿವಳಿಕೆಗಿಂತ ಅಂಜಿಕೆಯನ್ನೇ ಹೆಚ್ಚಿಸುವುದುಂಟು.

ಇನ್ನೊಂದು ಸಂಗತಿಯನ್ನು ಮನಗಾಣಬೇಕು. ನೋವು ಬಹುಕಾಲ ನಿಂತರೆ ನರಮಂಡಲವೇ ಹೆಚ್ಚು ಸೂಕ್ಷ್ಮವಾಗುತ್ತದೆ. ಮೊದಲು ನೋಯದಿದ್ದ ಸಣ್ಣ ಒತ್ತಡವೂ ಆಗ ನೋಯತೊಡಗುತ್ತದೆ. ಆದುದರಿಂದ ನೋವಿನ ಪ್ರಮಾಣವೂ ಹಾನಿಯ ಪ್ರಮಾಣವೂ ಒಂದೇ ಅಲ್ಲ. ಭೀತಿಯಿಂದ ಕತ್ತನ್ನು ಅಲುಗಿಸದಿದ್ದವನ ಸ್ನಾಯುಗಳು ಮತ್ತಷ್ಟು ದುರ್ಬಲವಾಗುತ್ತವೆ. ದುರ್ಬಲವಾದ ಸ್ನಾಯು ಅದೇ ತಲೆಯನ್ನು ಹೊರಲು ಮತ್ತಷ್ಟು ಕಷ್ಟಪಡುತ್ತದೆ. ನಿಶ್ಚಲತೆಯಿಂದ ಹುಟ್ಟಿದ ವ್ಯಾಧಿಗೆ ನಿಶ್ಚಲತೆಯನ್ನೇ ಔಷಧವಾಗಿ ಕೊಟ್ಟಂತೆ ಆಗುತ್ತದೆ.

೪. ಕುಳಿತುಕೊಳ್ಳುವ ಏರ್ಪಾಡು

ನೋವಿನ ಮೂಲ ಹೀಗಿರುವುದರಿಂದ ಪರಿಹಾರವೂ ಮೂರು ದಿಕ್ಕಿನಿಂದ ಬರಬೇಕು: ಭಾರವನ್ನು ತಗ್ಗಿಸುವುದು, ನಿಶ್ಚಲತೆಯನ್ನು ಮುರಿಯುವುದು, ಸ್ನಾಯುವಿನ ಶಕ್ತಿಯನ್ನು ಹೆಚ್ಚಿಸುವುದು. ಭಾರವನ್ನು ತಗ್ಗಿಸುವ ಉಪಾಯ ನಮ್ಮ ಹಿರಿಯರಿಗೆ ತಿಳಿಯದುದೇನಲ್ಲ. ಪುರಾಣ ಓದುವವರು ಗ್ರಂಥವನ್ನು ನೆಲದ ಮೇಲಿಡದೆ ವ್ಯಾಸಪೀಠದ ಮೇಲೆ ಇಡುತ್ತಿದ್ದರು. ಗ್ರಂಥಕ್ಕೆ ಗೌರವ ಸಲ್ಲುವುದರ ಜೊತೆಗೆ ಓದುವವನ ಕತ್ತಿಗೂ ಉಪಕಾರವಾಗುತ್ತಿತ್ತು. ಲೆಕ್ಕ ಬರೆಯುವವರು ಮುಂದಿಟ್ಟುಕೊಳ್ಳುತ್ತಿದ್ದ ಇಳಿಜಾರು ಮುಚ್ಚಳದ ಪೆಟ್ಟಿಗೆಯ ಪ್ರಯೋಜನವೂ ಇದೇ. ಓದುವ ವಸ್ತುವನ್ನು ಕಣ್ಣಿನ ಕಡೆಗೆ ಎತ್ತಬೇಕು. ಕಣ್ಣನ್ನು ವಸ್ತುವಿನ ಕಡೆಗೆ ತಗ್ಗಿಸಬಾರದು ಎಂಬುದೇ ಇಲ್ಲಿಯ ಸೂತ್ರ.

ಇದರಂತೆ ಗಣಕಯಂತ್ರದ ಪರದೆಯ ಮೇಲಂಚು ಕಣ್ಣಿನ ಮಟ್ಟದಲ್ಲಿ ಅಥವಾ ತುಸು ಕೆಳಗೆ, ತೋಳಿನಳತೆಯ ದೂರದಲ್ಲಿ ಇರಬೇಕು. ಲ್ಯಾಪ್‌ಟಾಪಿನಲ್ಲಿ ಪರದೆಯೂ ಕೀಲಿಮಣೆಯೂ ಒಂದಕ್ಕೊಂದು ಅಂಟಿರುವುದರಿಂದ, ಒಂದು ಸರಿಯಾದರೆ ಇನ್ನೊಂದು ಕೆಡುತ್ತದೆ. ಅದನ್ನು ನಾಲ್ಕಾರು ದಪ್ಪ ಪುಸ್ತಕಗಳ ಮೇಲಿಟ್ಟು ಬೇರೊಂದು ಕೀಲಿಮಣೆಯನ್ನು ಬಳಸುವುದು ಸುಲಭವಾದ ಉಪಾಯ. ಕೀಲಿಮಣೆ ಮತ್ತು ಮೌಸು ಮೊಣಕೈಯ ಎತ್ತರದಲ್ಲಿ, ಮೈಗೆ ಸಮೀಪದಲ್ಲಿರಬೇಕು. ಮುಂಗೈಗಳಿಗೆ ಮೇಜಿನ ಅಥವಾ ಕುರ್ಚಿಯ ತೋಳಿನ ಆಸರೆ ದೊರೆತರೆ ಹೆಗಲ ಮೇಲಣ ಹೊರೆ ಗಣನೀಯವಾಗಿ ಇಳಿಯುತ್ತದೆ. ಪಾದಗಳು ನೆಲಕ್ಕೆ ಮುಟ್ಟದಿದ್ದರೆ ಒಂದು ಮಣೆಯನ್ನು ಇಟ್ಟುಕೊಳ್ಳಬಹುದು. ದೂರದೃಷ್ಟಿ, ಸಮೀಪದೃಷ್ಟಿಗಳೆರಡಕ್ಕೂ ಒಂದೇ ಕನ್ನಡಕ ಧರಿಸುವವರು ಅದರ ಕೆಳಭಾಗದಿಂದ ಪರದೆಯನ್ನು ನೋಡಲು ಗಲ್ಲವನ್ನು ಮೇಲೆತ್ತಿ ಕುಳಿತಿರುವುದುಂಟು. ಅಂಥವರು ಪರದೆಯನ್ನು ಇನ್ನಷ್ಟು ಕೆಳಗಿಳಿಸುವುದು ಅಥವಾ ಪರದೆಯ ಕೆಲಸಕ್ಕೆಂದೇ ಬೇರೆ ಕನ್ನಡಕ ಮಾಡಿಸುವುದು ಒಳ್ಳೆಯದು. ದೂರವಾಣಿಯನ್ನು ಕಿವಿಗೂ ಹೆಗಲಿಗೂ ನಡುವೆ ಅದುಮಿಕೊಂಡು ಮಾತನಾಡುವ ಅಭ್ಯಾಸವನ್ನು ಬಿಟ್ಟೇಬಿಡಬೇಕು.

ಇಷ್ಟು ಹೇಳಿದ ಮೇಲೆ ಒಂದು ಎಚ್ಚರಿಕೆಯ ಮಾತು ಅಗತ್ಯ. ‘ನೆಟ್ಟಗೆ ಕುಳಿತರೆ ನೋವು ಹೋಗುತ್ತದೆ’ ಎಂಬುದು ಅರ್ಧ ಸತ್ಯ ಮಾತ್ರ. ನೆಟ್ಟಗೆ ಕುಳಿತವನೂ ಮೂರು ಗಂಟೆ ಅಲುಗದೆ ಕುಳಿತರೆ ಆತನ ಕತ್ತೂ ನೋಯುತ್ತದೆ. ಎಲ್ಲರಿಗೂ ಎಲ್ಲ ಹೊತ್ತಿಗೂ ಸಲ್ಲುವ ಒಂದು ಆದರ್ಶ ಭಂಗಿ ಇಲ್ಲ. ದುಬಾರಿ ಕುರ್ಚಿಯೊಂದನ್ನು ಕೊಂಡು ತಂದು ಅದರಲ್ಲಿ ಮತ್ತಷ್ಟು ದೀರ್ಘಕಾಲ ಕೂರುವವನಿಗೆ ಪ್ರಯೋಜನವಾಗುವುದು ಅಷ್ಟಕ್ಕಷ್ಟೇ.

೫. ವಿರಾಮದ ಕ್ರಮ

ಮುಖ್ಯವಾಗಿ ಬೇಕಾದುದು ಭಂಗಿಯ ಬದಲಾವಣೆ. ಅರ್ಧ ಗಂಟೆಗೊಮ್ಮೆ ಒಂದೆರಡು ನಿಮಿಷ ಎದ್ದು ನಿಂತು, ನಾಲ್ಕು ಹೆಜ್ಜೆ ನಡೆದು, ಕೈಗಳನ್ನು ಜೋತುಬಿಟ್ಟು, ಹೆಗಲುಗಳನ್ನು ಹಿಂದುಮುಂದಾಗಿ ಕೆಲವು ಸಲ ತಿರುಗಿಸಿದರೆ ಸಾಕು. ಕತ್ತನ್ನು ಎಡಕ್ಕೂ ಬಲಕ್ಕೂ ನಿಧಾನವಾಗಿ ತಿರುಗಿಸಿ ನೋಡಬಹುದು. ಲಟಕ್ಕೆನಿಸುವಂತೆ ತಿರುಚುವುದು ಮಾತ್ರ ಬೇಡ. ದಿನದ ಕೊನೆಗೆ ಒಂದು ಗಂಟೆಯ ದೀರ್ಘ ವಿಶ್ರಾಂತಿಗಿಂತ ನಡುನಡುವೆ ಬರುವ ಸಣ್ಣ ವಿರಾಮಗಳು ಹೆಚ್ಚು ಗುಣಕಾರಿ. ಏಕೆಂದರೆ ಮೇಲೆ ಹೇಳಿದ ಚಿಕ್ಕ ತಂತುಗಳಿಗೆ ಬೇಕಾದುದು ಆಗಾಗ ದೊರೆಯುವ ಬಿಡುವು.

ವಿರಾಮ ಮರೆತುಹೋಗುತ್ತದೆಂಬುದು ಎಲ್ಲರ ದೂರು. ಇದಕ್ಕೆ ಕುಡಿಯುವ ನೀರನ್ನು ಕೈಗೆಟುಕದ ದೂರದಲ್ಲಿಡುವುದು, ದೂರವಾಣಿಯಲ್ಲಿ ಎದ್ದು ನಿಂತೇ ಮಾತನಾಡುವುದು, ಪಕ್ಕದ ಕೊಠಡಿಯ ಸಹೋದ್ಯೋಗಿಗೆ ಪತ್ರ ಕಳುಹಿಸುವ ಬದಲು ತಾನೇ ನಡೆದು ಹೋಗುವುದು, ಇಂಥ ಸಣ್ಣ ಉಪಾಯಗಳು ಸಾಕು. ಮನಸ್ಸಿನ ಬಿಗುವಿಗೂ ಈ ವಿರಾಮವೇ ಮೊದಲ ಮದ್ದು. ಪ್ರತಿ ವಿರಾಮದಲ್ಲಿಯೂ ನಾಲ್ಕೈದು ಸಲ ಉಸಿರನ್ನು ನಿಧಾನವಾಗಿ ಹೊರಬಿಡುತ್ತ ಹೆಗಲುಗಳನ್ನು ಕೆಳಗಿಳಿಸುವ ಅಭ್ಯಾಸ ಮಾಡಿಕೊಂಡರೆ, ಅವು ಕಿವಿಯ ಕಡೆಗೆ ಏರಿರುವುದು ನಮಗೇ ಗೊತ್ತಾಗತೊಡಗುತ್ತದೆ. ಆದರೆ ಈ ಹೊಣೆಯನ್ನೆಲ್ಲ ದುಡಿಯುವವನ ಮೇಲೆಯೇ ಹೊರಿಸುವುದು ನ್ಯಾಯವಲ್ಲ. ಎದ್ದು ನಿಂತವನನ್ನು ಸೋಮಾರಿಯೆಂದು ನೋಡುವ ಕಚೇರಿಯಲ್ಲಿ ಯಾವ ಉಪದೇಶವೂ ಫಲಿಸದು.

೬. ಶಕ್ತಿವರ್ಧಕ ವ್ಯಾಯಾಮ

ಇನ್ನು ಮೂರನೆಯ ಮತ್ತು ಹೆಚ್ಚು ಪರಿಣಾಮಕಾರಿಯಾದ ಮಾರ್ಗಕ್ಕೆ ಬರೋಣ. ನೋಯುವ ಸ್ನಾಯುವಿಗೆ ದುಡಿಮೆ ಕೊಡಬೇಕೆಂಬುದು ಮೇಲುನೋಟಕ್ಕೆ ವಿಪರೀತವಾಗಿ ತೋರಬಹುದು. ಆದರೆ ಇದಕ್ಕೆ ದೊರೆತಿರುವ ಪ್ರಯೋಗಾಧಾರ ಗಟ್ಟಿಯಾದುದು.

ಫಿನ್ಲೆಂಡಿನಲ್ಲಿ ಯಾರಿ ಯುಲಿನೆನ್ ಮತ್ತು ಸಂಗಡಿಗರು ದೀರ್ಘಕಾಲದ ಕತ್ತುನೋವಿನಿಂದ ನರಳುತ್ತಿದ್ದ, ಕಚೇರಿಯಲ್ಲಿ ಕೆಲಸ ಮಾಡುವ ೧೮೦ ಮಹಿಳೆಯರನ್ನು ಮೂರು ಗುಂಪುಗಳಾಗಿ ವಿಂಗಡಿಸಿ ಒಂದು ವರ್ಷ ಪರೀಕ್ಷಿಸಿದರು. ಫಲಿತಾಂಶ ೨೦೦೩ರಲ್ಲಿ ಪ್ರಕಟವಾಯಿತು. ಒಂದು ಗುಂಪು ಕತ್ತಿನ ಶಕ್ತಿಯನ್ನು ಬೆಳೆಸುವ ವ್ಯಾಯಾಮವನ್ನೂ, ಎರಡನೆಯದು ತಾಳಿಕೆಯನ್ನು ಬೆಳೆಸುವ ಹಗುರ ವ್ಯಾಯಾಮವನ್ನೂ ಮಾಡಿತು. ಮೂರನೆಯದಕ್ಕೆ ಸ್ನಾಯುಗಳನ್ನು ಹಿಗ್ಗಿಸುವ ಮತ್ತು ನಡಿಗೆಯಂಥ ಸಾಮಾನ್ಯ ವ್ಯಾಯಾಮಗಳ ಸಲಹೆ ಮಾತ್ರ ದೊರೆಯಿತು. ವರ್ಷದ ಕೊನೆಗೆ ಗಣನೀಯವಾದ ಅಥವಾ ಪೂರ್ಣ ಉಪಶಮನ ಪಡೆದವರು ಮೊದಲ ಗುಂಪಿನಲ್ಲಿ ಶೇಕಡಾ ೭೩, ಎರಡನೆಯದರಲ್ಲಿ ೫೯, ಮೂರನೆಯದರಲ್ಲಿ ೨೧.

ಡೆನ್ಮಾರ್ಕಿನ ಲಾರ್ಸ್ ಆಂಡರ್ಸನ್ ಮತ್ತು ಸಂಗಡಿಗರು ೨೦೦೮ರಲ್ಲಿ ಪ್ರಕಟಿಸಿದ ಪ್ರಯೋಗ ಇನ್ನೂ ಸ್ಪಷ್ಟವಾದುದು. ಹೆಗಲ ಸ್ನಾಯುವಿನ ನೋವಿದ್ದ ೪೮ ಮಹಿಳೆಯರಲ್ಲಿ ಕೆಲವರು ಹತ್ತು ವಾರಗಳ ಕಾಲ, ವಾರಕ್ಕೆ ಮೂರು ಸಲ, ಇಪ್ಪತ್ತು ನಿಮಿಷಗಳಂತೆ ಕತ್ತು ಹೆಗಲುಗಳಿಗೇ ಸಂಬಂಧಿಸಿದ ಡಂಬೆಲ್ ವ್ಯಾಯಾಮಗಳನ್ನು ಮಾಡಿದರು. ಕೆಲವರು ಅಷ್ಟೇ ಹೊತ್ತು ಸೈಕಲ್ ಯಂತ್ರವನ್ನು ತುಳಿದರು. ಸೈಕಲ್ ತುಳಿದವರಿಗೆ ಆ ಹೊತ್ತಿಗೆ ಸ್ವಲ್ಪ ಹಗುರವೆನಿಸಿತು, ಅಷ್ಟೆ. ಡಂಬೆಲ್ ಎತ್ತಿದವರ ನೋವು ಮಾತ್ರ ವಾರದಿಂದ ವಾರಕ್ಕೆ ಇಳಿದು, ಅಭ್ಯಾಸ ನಿಲ್ಲಿಸಿದ ಮೇಲೆಯೂ ಕೆಲವು ವಾರ ಇಳಿದೇ ಇತ್ತು. ಇಪ್ಪತ್ತು ನಿಮಿಷಕ್ಕೂ ಬಿಡುವಿಲ್ಲವೆನ್ನುವವರಿಗೆ ಅದೇ ಸಂಶೋಧಕರ ೨೦೧೧ರ ಇನ್ನೊಂದು ಪ್ರಯೋಗ ಧೈರ್ಯ ಕೊಡುತ್ತದೆ. ೧೯೮ ಮಂದಿಯ ಮೇಲೆ ನಡೆಸಿದ ಅದರಲ್ಲಿ ರಬ್ಬರಿನ ಪಟ್ಟಿಯನ್ನು ತುಳಿದು ನಿಂತು ತೋಳುಗಳನ್ನು ಪಕ್ಕಕ್ಕೆ ಎತ್ತುವ ವ್ಯಾಯಾಮವನ್ನು ದಿನಕ್ಕೆ ಎರಡೇ ನಿಮಿಷ ಮಾಡಿದವರಿಗೂ ಹತ್ತು ವಾರಗಳಲ್ಲಿ ನೋವು ಸ್ಪಷ್ಟವಾಗಿ ಕಡಿಮೆಯಾಯಿತು.

ಈ ಆಧಾರದ ಮೇಲೆ ಮನೆಯಲ್ಲಿಯೇ ಮಾಡಬಹುದಾದ ಐದು ವ್ಯಾಯಾಮಗಳನ್ನು ಇಲ್ಲಿ ಕೊಡಲಾಗಿದೆ. ಡಂಬೆಲ್ ಇಲ್ಲದವರು ಒಂದು ಲೀಟರಿನ ಬಾಟಲಿಗೆ ನೀರು ತುಂಬಿಕೊಳ್ಳಬಹುದು; ಅದು ಒಂದು ಕಿಲೋಗ್ರಾಂ ತೂಗುತ್ತದೆ.

ಒಂದನೆಯದು: ಅಂಗಾತ ಮಲಗಿ, ತಲೆಯನ್ನು ನೆಲದಿಂದ ಎತ್ತದೆ, ‘ಹೌದು’ ಎಂದು ತಲೆದೂಗುವಂತೆ ಗಲ್ಲವನ್ನು ಮೆಲ್ಲಗೆ ಗಂಟಲಿನ ಕಡೆಗೆ ತರುವುದು. ಐದರಿಂದ ಹತ್ತು ಸೆಕೆಂಡು ಹಿಡಿದು ಬಿಡುವುದು, ಹತ್ತು ಸಲ. ಕತ್ತಿನ ಮುಂಭಾಗದ ಆಳದ ಸ್ನಾಯುಗಳಿಗೆ ಇದರಿಂದ ಬಲ ಬರುತ್ತದೆ.

ಎರಡನೆಯದು: ಅಂಗೈಯನ್ನು ಹಣೆಗೆ ಒತ್ತಿ, ತಲೆ ಅಲುಗದಂತೆ ಹಣೆಯಿಂದಲೂ ಕೈಯನ್ನು ಒತ್ತುವುದು. ಹೀಗೆಯೇ ತಲೆಯ ಹಿಂಭಾಗಕ್ಕೂ ಎರಡು ಪಕ್ಕಗಳಿಗೂ. ಅರ್ಧ ಬಲದಿಂದ, ಐದಾರು ಸೆಕೆಂಡು, ಒಂದೊಂದು ದಿಕ್ಕಿಗೂ ಐದು ಸಲ. ಉಸಿರು ಕಟ್ಟಬಾರದು.

ಮೂರನೆಯದು: ಎರಡು ಕೈಗಳಲ್ಲಿಯೂ ತೂಕ ಹಿಡಿದು ನಿಂತು, ಹೆಗಲುಗಳನ್ನು ಕಿವಿಯ ಕಡೆಗೆ ಎತ್ತಿ ನಿಧಾನವಾಗಿ ಇಳಿಸುವುದು.

ನಾಲ್ಕನೆಯದು: ಮೊಣಕೈಗಳನ್ನು ತುಸು ಬಾಗಿಸಿ, ತೂಕ ಹಿಡಿದ ತೋಳುಗಳನ್ನು ಪಕ್ಕಕ್ಕೆ ಹೆಗಲಿನ ಮಟ್ಟದವರೆಗೆ ಎತ್ತಿ ನಿಧಾನವಾಗಿ ಇಳಿಸುವುದು.

ಐದನೆಯದು: ಒಂದು ಕೈಯನ್ನೂ ಮೊಣಕಾಲನ್ನೂ ಬೆಂಚಿನ ಮೇಲೂರಿ ಮುಂದಕ್ಕೆ ಬಾಗಿ, ಇನ್ನೊಂದು ಕೈಯ ತೂಕವನ್ನು, ಬಾವಿಯಿಂದ ನೀರು ಸೇದುವವರಂತೆ, ಸೊಂಟದ ಪಕ್ಕದವರೆಗೆ ಎಳೆದು ಇಳಿಸುವುದು.

ಕೊನೆಯ ಮೂರನ್ನು ಹತ್ತರಿಂದ ಹದಿನೈದು ಸಲದಂತೆ ಎರಡು ಅಥವಾ ಮೂರು ಆವೃತ್ತಿ, ವಾರಕ್ಕೆ ಮೂರು ದಿನ, ನಡುವೆ ಒಂದೊಂದು ದಿನದ ಬಿಡುವು ಕೊಟ್ಟು ಮಾಡಬೇಕು. ಹದಿನೈದು ಸಲ ಸುಲಭವೆನಿಸಿದಾಗ ತೂಕವನ್ನು ಸ್ವಲ್ಪಸ್ವಲ್ಪವಾಗಿ ಏರಿಸಬೇಕು. ಏರಿಸದಿದ್ದರೆ ಶಕ್ತಿಯೂ ಏರದು. ಮೊದಲ ಒಂದೆರಡು ವಾರ ಸ್ನಾಯುಗಳು ತುಸು ನೋಯುವುದು ಸಹಜ. ಆ ನೋವು ಮರುದಿನದೊಳಗೆ ಇಳಿದರೆ ಅಂಜಬೇಕಾದುದಿಲ್ಲ. ಇಳಿಯದಿದ್ದರೆ ತೂಕವನ್ನು ತಗ್ಗಿಸಬೇಕೇ ಹೊರತು ಅಭ್ಯಾಸವನ್ನು ಬಿಡಬೇಕಾಗಿಲ್ಲ. ಹತ್ತು ವಾರ ತಾಳ್ಮೆಯಿಂದ ನಡೆಸದೆ ಫಲವಿಲ್ಲವೆಂದು ತೀರ್ಮಾನಿಸುವುದು ಸರಿಯಲ್ಲ.

೭. ಇತರ ಚಿಕಿತ್ಸೆಗಳು ಮತ್ತು ಎಚ್ಚರಿಕೆಗಳು

ಬಿಸಿನೀರಿನ ಶಾಖ, ಎಣ್ಣೆ ಹಚ್ಚಿ ನೀವುವುದು ಇವು ಹಿತಕರ. ಅವುಗಳಿಂದ ದೊರೆಯುವ ಉಪಶಮನ ಅಲ್ಪಕಾಲದ್ದಾದರೂ, ವ್ಯಾಯಾಮ ಆರಂಭಿಸಲು ಅನುಕೂಲ ಮಾಡಿಕೊಡುತ್ತದೆ. ನೋವಿನ ಮಾತ್ರೆಗಳನ್ನು ವೈದ್ಯರ ಸಲಹೆಯಿಲ್ಲದೆ ವಾರಗಟ್ಟಲೆ ನುಂಗುವುದರಿಂದ ಜಠರಕ್ಕೂ ಮೂತ್ರಪಿಂಡಗಳಿಗೂ ಕೇಡಾಗಬಹುದು. ಕತ್ತಿನ ಪಟ್ಟಿಯನ್ನು ಮೇಜಿನ ಕೆಲಸದಿಂದ ಬಂದ ದೀರ್ಘಕಾಲದ ನೋವಿಗೆ ನಿತ್ಯದ ಉಡುಪಾಗಿ ಮಾಡಿಕೊಳ್ಳುವುದು ಸಲ್ಲದು. ದಿಂಬು ಕತ್ತಿನ ಪೊಳ್ಳನ್ನು ತುಂಬುವಷ್ಟಿದ್ದರೆ ಸಾಕು; ತಲೆಯನ್ನು ಮುಂದಕ್ಕೆ ಬಾಗಿಸುವಷ್ಟು ಎತ್ತರ ಬೇಡ.

ಎಲ್ಲ ಕತ್ತುನೋವೂ ಮೇಜಿನಿಂದಲೇ ಬಂದುದೆಂದು ಭಾವಿಸುವುದು ಅಪಾಯಕರ. ಕೈಗೆ ಹರಿಯುವ ಜೋಮು, ಹೆಚ್ಚುತ್ತಿರುವ ನಿಶ್ಶಕ್ತಿ, ಅಂಗಿಯ ಗುಂಡಿ ಹಾಕಲು ಬೆರಳುಗಳು ತಡವರಿಸುವುದು, ನಡಿಗೆ ತೊನೆಯುವುದು, ಮಲಮೂತ್ರಗಳ ಹತೋಟಿ ತಪ್ಪುವುದು, ಇವು ನರದ ಅಥವಾ ಬೆನ್ನುಹುರಿಯ ಮೇಲಣ ಒತ್ತಡದ ಲಕ್ಷಣಗಳಾಗಿರಬಹುದು. ಜ್ವರ, ಕಾರಣವಿಲ್ಲದೆ ತೂಕ ಇಳಿಯುವುದು, ರಾತ್ರಿ ಮಲಗಿದರೂ ಶಮನವಾಗದ ನೋವು, ಬಿದ್ದ ಅಥವಾ ಪೆಟ್ಟು ತಗುಲಿದ ಮೇಲೆ ಬಂದ ನೋವು, ಇವೂ ವಿಳಂಬವಿಲ್ಲದೆ ವೈದ್ಯರಿಗೆ ತೋರಿಸತಕ್ಕವು. ನಡೆದಾಗ ಅಥವಾ ಮೆಟ್ಟಿಲು ಹತ್ತಿದಾಗ ಹೆಗಲು, ತೋಳು, ದವಡೆಗಳಲ್ಲಿ ನೋವು ಕಾಣಿಸಿಕೊಂಡು, ಬೆವರೋ ಎದೆಯ ಬಿಗಿತವೋ ಜೊತೆಗೂಡಿದರೆ ಅದು ಹೃದಯದ ಕರೆಯಾಗಿರಬಹುದು. ಆಗ ಒಂದು ಗಳಿಗೆಯನ್ನೂ ವ್ಯರ್ಥ ಮಾಡದೆ ಆಸ್ಪತ್ರೆಗೆ ಹೋಗಬೇಕು.

ಉಪಸಂಹಾರ

ಇದುವರೆಗೆ ಹೇಳಿದುದರ ಸಾರವಿಷ್ಟು. ಮೇಜಿನ ಕೆಲಸದಿಂದ ಬರುವ ಕತ್ತು 0ಹೆಗಲುಗಳ ನೋವು ಬಹುಮಟ್ಟಿಗೆ ಸವೆತದ ವ್ಯಾಧಿಯಲ್ಲ, ಅಲುಗದಿರುವುದರ ವ್ಯಾಧಿ. ಅದರ ಪರಿಹಾರವಿರುವುದು ಮತ್ತಷ್ಟು ಅಲುಗದಿರುವುದರಲ್ಲಲ್ಲ. ಕೆಲಸದ ವಸ್ತುವನ್ನು ಕಣ್ಣಿನ ಕಡೆಗೆ ಎತ್ತಿಕೊಂಡು, ಆಗಾಗ ಎದ್ದು ನಿಂತು, ನೋಯುವ ಸ್ನಾಯುವಿಗೆ ಕ್ರಮವಾಗಿ ಬಲ ಕೊಡುವುದರಲ್ಲಿ. ಇದಕ್ಕೆ ಬೇಕಾದ ಸಾಮಗ್ರಿ ಎರಡು ಬಾಟಲಿ ನೀರು. ಬೇಕಾದ ಕಾಲ ದಿನಕ್ಕೆ ಕೆಲವು ನಿಮಿಷ. ಬೇಕಾದ ಗುಣ ಹತ್ತು ವಾರಗಳ ತಾಳ್ಮೆ.

ಹೆಸರನ್ನೂ ಉಳಿಸದೆ ಹೋದ ಎಷ್ಟೋ ಲಿಪಿಕಾರರು ತಮ್ಮ ಬೆನ್ನು ಕತ್ತುಗಳನ್ನು ತೆತ್ತು ನಮಗೆ ಗ್ರಂಥಗಳನ್ನು ಉಳಿಸಿಕೊಟ್ಟರು. ಅವರಿಗೆ ಬೇರೆ ದಾರಿ ತಿಳಿದಿರಲಿಲ್ಲ. ನಮಗೆ ತಿಳಿದಿದೆ. ಅವರ ಗ್ರಂಥಗಳನ್ನು ಓದಲು ಕುಳಿತವರು ಅರ್ಧ ಗಂಟೆಗೊಮ್ಮೆ ಎದ್ದು ನಿಂತರೆ ಗ್ರಂಥಕ್ಕೆ ಅಗೌರವವೇನೂ ಆಗದು.